ಆಫೀಸಿನ ಜೋಕಾಲಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಮಳೆಗಾಲದಲ್ಲಿ ನಮ್ಮ ಆಫೀಸಿನ ಗೋಡೆಗೆ ಹಚ್ಚಿದ್ದು ಹಳದಿ ಬಣ್ಣ ಎಂದು ಇಷ್ಟು ವರ್ಷ ನಂಬಿದ್ದೆ. ಡೈರಿಯಲ್ಲಿ ‘ಕಿತ್ತಳೆ’ ಎಂದಿದೆ. ಅಲ್ಲಿ ನನ್ನ ಜೊತೆಗಿದ್ದ ಶಿವಲೀಲಾ ಸೋಗು ಹಾಕಿದ ದಿನ ಮಳೆ ಹೊಡೆಯುತ್ತಿತ್ತು ಎಂಬುದು ನನ್ನ ನೆನಪು. ಡೈರಿಯ ಪ್ರಕಾರ ಅಂದು ಬಿಸಿಲು. ಡೈರಿಯನ್ನೇ ನಂಬೋಣವೆಂದರೆ ಅದನ್ನು ಬರೆದವಳೂ ನಾನೇ. ಬರೆಯುವಾಗ ಏನನ್ನು ಬಿಟ್ಟೆ ಎಂಬುದು ಆಗ ನನಗೊಬ್ಬಳಿಗೆ ಗೊತ್ತಿದ್ದೀತು. ಈಗ ನನಗೂ ಗೊತ್ತಿಲ್ಲ.

ಕಳೆದ ತಿಂಗಳು ಏನೋ ಕೆಲಸಕ್ಕೆ ಗೋಕಾಕಕ್ಕೆ ಹೋದವಳು ಪೇಟೆಯ ಓಣಿಯೊಂದರಲ್ಲಿ ನಡೆಯುತ್ತಿದ್ದೆ. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬಂತು. ಕರದಂಟು ಮಾಡುವ ಆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಒಂದು ವರ್ಷ ಕೆಲಸ ಮಾಡಿದ್ದೇನೆ. ಬೆಳಿಗ್ಗೆ ಹತ್ತರ ಸುಮಾರಿಗೆ ಆ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಸಂಜೆ ನನ್ನ ದುಪಟ್ಟಾದಲ್ಲಿ ಕುಳಿತು ಹುಕ್ಕೇರಿಯ ಬಸ್ಸು ಹತ್ತುತ್ತಿತ್ತು. ಈಗ ಅಲ್ಲಿ ಟ್ಯೂಷನ್ ಕ್ಲಾಸು ನಡೆಯುತ್ತದೆ. ಅಂದು ರಜೆ. ಕಸ ಗುಡಿಸುತ್ತಿದ್ದ ಹೆಂಗಸಿಗೆ, ಇಲ್ಲಿ ಮೊದಲು ನಮ್ಮ ಆಫೀಸಿತ್ತು ಎಂದೆ. ಅವಳು ನಂಬಿದಂತೆ ಕಾಣಲಿಲ್ಲ, ಆದರೂ ಒಳಗೆ ಬಿಟ್ಟಳು. ಗೋಡೆಗಳಿಗೆ ಬಿಳಿ ಬಳಿದಿದ್ದಾರೆ. ಹಳದಿಯೋ ಕಿತ್ತಳೆಯೋ ಎಂದು ನೋಡಿ ಖಚಿತ ಮಾಡಿಕೊಳ್ಳಲು ಏನೂ ಉಳಿದಿಲ್ಲ. ಆದರೆ ಮೇಲೆ ಗರ್ಡರಿಗೆ ಬೆಸೆದ ಎರಡು ಕಬ್ಬಿಣದ ಕೊಂಡಿಗಳು ಹಾಗೇ ಇವೆ. ಅವು ಯಾತಕ್ಕೆ ಎಂದು ಆ ಹೆಂಗಸಿಗೆ ಬಹಳ ದಿನದಿಂದ ಅನುಮಾನವಿತ್ತಂತೆ. ಜೋಕಾಲಿ ಕಟ್ಟಿದ್ದೆವು ಎಂದೆ.

“ಆಫೀಸಿನ್ಯಾಗ?” ಎಂದು ಕೇಳಿ ಅವಳು ನನ್ನನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು.

ಹೌದು, ಆಫೀಸಿನಲ್ಲೇ. ಕಟ್ಟಿಸಿದವಳು ಸುನಂದಕ್ಕ, ನನ್ನ ದೊಡ್ಡಪ್ಪನ ಮಗಳು. ಪುಣೆಯ ದೊಡ್ಡ ಕಂಪನಿಗಳಲ್ಲಿ ಬಹಳ ವರ್ಷ ದುಡಿದು, ಒಂದು ದಿನ ಎಲ್ಲ ಬಿಟ್ಟು ಬಂದು, ಗೋಕಾಕದಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ತೆರೆದಳು. ಅವಳನ್ನೂ ಸೇರಿಸಿ ಹನ್ನೊಂದು ಜನ. ನಾವು ಮಾಡುತ್ತಿದ್ದುದು ಒಂದೇ ವಸ್ತು, ಅದರ ಹೆಸರು ‘ಪಾಳಿ’. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಕ್ಟರುಗಳು, ಎತ್ತಿನ ಚಕ್ಕಡಿಗಳು ಒಂದೊಂದೂವರೆ ದಿನ ಸಾಲಿನಲ್ಲಿ ನಿಲ್ಲುತ್ತವೆ. ಯಾರ ಸರದಿ ಯಾವಾಗ ಎಂದು ಮೊಬೈಲಿನಲ್ಲೇ ತಿಳಿದರೆ ಅವರು ಅಲ್ಲಿ ಕಾಯುವುದು ತಪ್ಪುತ್ತದೆ. ಮೂಡಲಗಿ ಕಡೆಯ ಒಂದು ಕಾರ್ಖಾನೆ, ಈ ಹಂಗಾಮಿಗೆ ಹಚ್ಚಿ ನೋಡೋಣ ಎಂದು ಒಪ್ಪಿತ್ತು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಡ್ರೈವರನ ಮೊಬೈಲಿನಲ್ಲಿ ಮೂಡುವ ಕನ್ನಡ ವಾಕ್ಯಗಳನ್ನು ಬರೆಯಲು ಅಕ್ಕ ನನ್ನನ್ನು ಕರೆದಳು. ಒಂದು ವಾರದ ಮೇಲೆ ಇನ್ನೊಂದು ಹುದ್ದೆಯನ್ನೂ ಕೊಟ್ಟಳು. ಅದಕ್ಕೆ ಅವಳೇ ಇಟ್ಟ ಹೆಸರು ‘ನಗುವಿನ ಉಸ್ತುವಾರಿ’.

ಅವಳು ಇದನ್ನು ತಮಾಷೆಗೆ ಹೇಳಿದಳೆಂದು ಮೊದಲು ಅಂದುಕೊಂಡೆ. ಆದರೆ ಅವಳು ನೋಟ್‌ಬುಕ್ ಒಂದನ್ನು ಕೊಟ್ಟಳು. ಪುಣೆಯ ಆಫೀಸಿನಲ್ಲಿ ಟೇಬಲ್ ಟೆನಿಸ್ ಟೇಬಲ್ ಇತ್ತಂತೆ. ಎಲ್ಲರೂ ಅದರ ಬಾಜೂಕೆ ಹಾದು ಹೋಗುತ್ತಿದ್ದರೇ ಹೊರತು ಆಡಿದರೆ ಸಾಹೇಬರ ಕಣ್ಣಿಗೆ ಬೀಳುತ್ತೇವೆಂದು ಯಾರೂ ಮುಟ್ಟುತ್ತಿರಲಿಲ್ಲವಂತೆ. ಇಲ್ಲಿ ಹಾಗಾಗಬಾರದು, ಇಲ್ಲಿಯ ಜನ ಇಲ್ಲಿಯ ಆಟವನ್ನೇ ಆಡಬೇಕು ಎಂಬುದು ಅವಳ ಹಟ. ಜೋಕಾಲಿ ಬಂದದ್ದು ಹಾಗೆ. ಶುಕ್ರವಾರ ಸಂಜೆ ಎಲ್ಲರೂ ಸೇರಿ ಚುರುಮುರಿಯ ಗಿರಮಿಟ್ಟು ಕಲಸಬೇಕು. ಅಂದು ಯಾರು ಈರುಳ್ಳಿ ಹೆಚ್ಚಬೇಕೆಂದು ಚೀಟಿ ಎತ್ತಬೇಕು. ಹೆಚ್ಚುವವರು ಆ ವಾರ ತಾವು ಮಾಡಿದ ಒಂದು ತಪ್ಪನ್ನು ನಗಿಸುತ್ತ ಹೇಳಬೇಕು. ಈರುಳ್ಳಿಯ ನೆಪದಲ್ಲಿ ಅಳಲೂಬಹುದು ಎಂದು ಇಮ್ತಿಯಾಜ್ ಹೇಳುತ್ತಿದ್ದ. ಅವನು ಗೋಕಾಕದವನೇ, ನಮ್ಮಲ್ಲಿ ಎಲ್ಲರಿಗಿಂತ ಬಾಯಿ ಜೋರು.

ಬಾಗಿಲ ಬಳಿ ಒಂದು ಹವಾಮಾನದ ಹಲಗೆಯೂ ಇತ್ತು. ಬೆಳಿಗ್ಗೆ ಬಂದವರು ತಮ್ಮ ಹೆಸರಿನ ಮುಂದೆ ಬಿಸಿಲು, ಮೋಡ, ಮಳೆ ಇವುಗಳಲ್ಲಿ ಒಂದನ್ನು ಅಂಟಿಸಬೇಕು. ಅಂದರೆ ಇವತ್ತು ಮನಸ್ಸು ಹೇಗಿದೆ ಎಂದು. ರೆಕ್ಸಿನ್ ಕತ್ತರಿಸಿ ಆ ಸೂರ್ಯಗಳನ್ನು ಮಾಡಿದವಳು ನಾನೇ. ಸಂಜೆ ಹಲಗೆ ನೋಡಿ ನೋಟ್‌ಬುಕ್ಕಿಗೆ ಇಳಿಸುವುದೂ ನನ್ನ ಕೆಲಸ. ಯಾತಕ್ಕೆ ಎಂದು ಒಮ್ಮೆ ಕೇಳಿದೆ. “ಸುಮ್ನ ನೋಡಾಕ” ಎಂದಳು ಅಕ್ಕ. ನನ್ನ ಅವ್ವನಿಗೆ ಇದನ್ನೆಲ್ಲ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಪಗಾರ ಕೊಟ್ಟು ಜೋಕಾಲಿ ಆಡಿಸುತ್ತಾರೆಂದರೆ ಅದರಲ್ಲಿ ಏನೋ ಇರಬೇಕು, ನೀನು ಹುಷಾರು ಎಂದಿದ್ದಳು. ನನ್ನ ಅನುಮಾನ ಅಲ್ಲಿಂದ ಶುರುವಾಯಿತೋ ಅಥವಾ ಅದು ನನ್ನ ಹುಟ್ಟುಗುಣವೋ, ಹೇಳಲಾರೆ. ಯಾರಾದರೂ ನನ್ನನ್ನು ಹೊಗಳಿದರೆ ಅವರಿಗೆ ನನ್ನಿಂದ ಏನಾಗಬೇಕಿದೆ ಎಂದು ನೋಡುವವಳು ನಾನು.

ಒಂದು ತಿಂಗಳಲ್ಲಿ ಹಲಗೆಯ ತುಂಬ ಬಿಸಿಲೇ ಆಯಿತು. ಮೋಡ ಅಂಟಿಸಿದರೆ ಅಕ್ಕ ಚಹಾ ತರಿಸಿ ಕೂರಿಸಿಕೊಂಡು ಅರ್ಧ ತಾಸು ವಿಚಾರಿಸುತ್ತಿದ್ದಳು. ಅಷ್ಟೊಂದು ಅಕ್ಕರೆ ಯಾರಿಗೂ ಬೇಡವಾಗಿತ್ತು. ಆಷಾಢದ ಒಂದು ದಿನ, ಲೋಳಸೂರ ಸೇತುವೆಯ ಮೇಲೆ ನೀರು ಬಂದು ಬಸ್ಸುಗಳು ನಿಂತಿದ್ದವು. ಇಮ್ತಿಯಾಜ್ ಛತ್ರಿ ಕೊಡವುತ್ತ ಒಳಗೆ ಬಂದು ಹಲಗೆ ನೋಡಿದ. “ಹೊರಗ ಹೊಳಿ ಸೇತುವಿ ಏರೈತಿ. ಇಲ್ಲಿ ನೋಡ್ರಿ, ಹತ್ತು ಸೂರ್ಯ ಹುಟ್ಯಾವ” ಎಂದ. ಹನ್ನೊಂದನೆಯದು ಮೋಡ. ಅದು ಶಿವಲೀಲಾಳದು. ಸೇತುವೆಯ ಆಚೆಯಿಂದ, ಮೂಡಲಗಿಯಿಂದ, ಯಾರದೋ ಹಾಲಿನ ಗಾಡಿ ಹಿಡಿದು ಸುತ್ತು ಹಾಕಿಕೊಂಡು ಬಂದಿದ್ದಳು. ಹಲಗೆಗೆ ನಿಜ ಹೇಳುತ್ತಿದ್ದವಳು ಅವಳೊಬ್ಬಳೇ.

ಶಿವಲೀಲಾ ಕಂಪನಿಗೆ ಎಲ್ಲರಿಗಿಂತ ಮೊದಲು ಸೇರಿದವಳು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿದವಳು. ಪಾಳಿಯ ಒಳಗಿನ ಲೆಕ್ಕಾಚಾರ, ಅಂದರೆ ಯಾರ ಹಿಂದೆ ಯಾರು ಎಂದು ತೀರ್ಮಾನಿಸುವ ಭಾಗವನ್ನೆಲ್ಲ ಬರೆದವಳು ಅವಳೇ. ಮೊದಲು ಬಂದವರು ಮೊದಲು ಎಂದರೆ ಸಾಕಲ್ಲ ಎಂದು ಉಳಿದವರು ಅಂದುಕೊಂಡಿದ್ದರು. ಅವಳು ಹಾಗೆ ಬಿಡಲಿಲ್ಲ. ಚಕ್ಕಡಿಯ ಎತ್ತುಗಳು ಬಿಸಿಲಿನಲ್ಲಿ ನೊಗ ಹೊತ್ತು ನಿಲ್ಲುತ್ತವೆ, ಟ್ರ್ಯಾಕ್ಟರು ನಿಂತರೆ ಅದಕ್ಕೇನೂ ಆಗುವುದಿಲ್ಲ, ಆದ್ದರಿಂದ ಮಧ್ಯಾಹ್ನಕ್ಕೆ ಮೊದಲು ಚಕ್ಕಡಿಗಳು ಸರಿಯಬೇಕು. ಅವು ಸರಿದರೆ ಟ್ರ್ಯಾಕ್ಟರುಗಳಿಗೆ ಸಂಜೆಯ ಹೊತ್ತು ಖಚಿತವಾಗಿ ಹೇಳಬಹುದು. ಇದೆಲ್ಲ ಅವಳಿಗೆ ಗೊತ್ತಿದ್ದುದು ಅಣ್ಣ ಮಲ್ಲಪ್ಪನಿಂದ. ಅವನು ಬೇರೆಯವರ ಟ್ರ್ಯಾಕ್ಟರು ಓಡಿಸುತ್ತಿದ್ದ. ಹಂಗಾಮಿನ ಅರ್ಧ ದಿನಗಳನ್ನು ಕಾರ್ಖಾನೆಯ ಅಂಗಳದಲ್ಲಿ, ಟ್ರಾಲಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಕಳೆಯುತ್ತಿದ್ದ. ತಂಗಿಯನ್ನು ಓದಿಸಿದವನು ಅವನೇ. ಈ ವರ್ಷ ನೀನು ಮನೆಯಲ್ಲಿ ಮಲಗುತ್ತೀ ಎಂದು ಅವಳು ಅವನಿಗೆ ಮಾತು ಕೊಟ್ಟಿದ್ದಳು. ಕಾರ್ಖಾನೆ ಶುರುವಾದ ದಿನ ಗೋಕಾಕದ ತನ್ನ ಕುರ್ಚಿಯಲ್ಲಿ ಕುಳಿತು ಪಾಳಿಯನ್ನು ತಾನೇ ನಡೆಸಬೇಕು ಎಂಬುದು ಅವಳ ಆಸೆ. ಜೋಕಾಲಿಯನ್ನು ಅವಳು ಹತ್ತುತ್ತಲೇ ಇರಲಿಲ್ಲ.

ಹಾಗೆಂದು ಅಕ್ಕನನ್ನು ನಾನು ಕೆಟ್ಟವಳೆಂದು ಬರೆಯುತ್ತಿಲ್ಲ. ಬರೆದರೆ ನಂಬಬೇಡಿ. ಅವಳು ನಿಜಕ್ಕೂ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ಮಳೆ ಹೆಚ್ಚಾದರೆ ತನ್ನ ಕಾರಿನಲ್ಲಿ ಒಬ್ಬೊಬ್ಬರನ್ನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದಳು. ಧೂಪದಾಳದ ಒಡ್ಡಿನ ಮೇಲೆ ನೀರು ಧುಮ್ಮಿಕ್ಕುವುದನ್ನು ನೋಡಲು ಎಲ್ಲರನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಮೆಕ್ಕೆತೆನೆ ತಿನ್ನುತ್ತ ನಿಂತ ಫೋಟೊ ನನ್ನ ಬಳಿ ಇನ್ನೂ ಇದೆ. ಅದರಲ್ಲಿ ಶಿವಲೀಲಾಳೂ ನಗುತ್ತಿದ್ದಾಳೆ. ಆ ಫೋಟೊ ತೆಗೆಯುವ ಮೊದಲು ಅಕ್ಕ ಎಲ್ಲರಿಗೂ ನಗಲು ಹೇಳಿದ್ದಳೋ ಏನೋ.

ಪಂಚಮಿ ಹಬ್ಬಕ್ಕೆ ನಾವೆಲ್ಲ ಘೋಡಗೇರಿಯ ದೊಡ್ಡಪ್ಪನ ಮನೆಗೆ ಹೋಗುವುದು ವಾಡಿಕೆ. ಆ ವರ್ಷವೂ ಹೋಗಿದ್ದೆವು. ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಊಟ ಮುಗಿದು ದೊಡ್ಡವರು ಅಡ್ಡಾಗಿದ್ದರು. ಅಕ್ಕ ಮತ್ತು ನಾನು ಇಬ್ಬರೇ ಮಣೆಯ ಮೇಲೆ ಕುಳಿತು, ಶೇಂಗಾ ಉಂಡಿ ಮುರಿದುಕೊಂಡು ತಿನ್ನುತ್ತಿದ್ದೆವು. ನಾನು ಕೇಳಿದೆ, ಇಷ್ಟೊಂದು ಆಟ ಯಾಕೆ, ಕೆಲಸವೇ ಹಿಂದೆ ಬೀಳುತ್ತಿದೆಯಲ್ಲ ಎಂದು. ಹುಡುಗರನ್ನು ಬೆಳಗಾವಿಯವರು, ಪುಣೆಯವರು ಎಳೆದುಕೊಂಡು ಹೋಗುತ್ತಾರೆ, ಅವರಷ್ಟು ಕೊಡಲು ತನ್ನಿಂದ ಆಗದು ಎಂದಳು. ಆಮೇಲೆ ಕಾಲಿನಿಂದ ನೆಲ ಒದ್ದು ಜೋಕಾಲಿಯನ್ನು ಜೋರಾಗಿ ಬಿಟ್ಟಳು.

“ಮಂದೀನ ಹಿಡಿದಿಡಾಕ ಬಾಗಲಾ ಹಾಕೂದು ಬ್ಯಾಡ ಸವಿ. ಜೋಕಾಲಿ ಕಟ್ಟಬೇಕು. ಜೀಕೂ ಮಂದಿ ಬಾಗಲದ ಕಡೆ ನೋಡೂದಿಲ್ಲ.”

ಅವಳು ನಕ್ಕಳು, ನಾನೂ ನಕ್ಕೆ. ಈ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಆದರೆ ಅದನ್ನು ಆಮೇಲೆ ಶಿವಲೀಲಾಳ ಬಾಯಲ್ಲಿ ಇನ್ನೊಮ್ಮೆ ಕೇಳಿದ್ದೇನೆ. ಈಗ ನೆನಪಿರುವುದು ಯಾರ ಮಾತು, ಅಕ್ಕನದೋ ಶಿವಲೀಲಾಳ ಸೋಗಿನದೋ, ಬೇರ್ಪಡಿಸಲಾರೆ.

ಶಿವಲೀಲಾಳಿಗೆ ಅದನ್ನು ಹೇಳಿದವಳು ನಾನು. ಪಂಚಮಿಯ ನಂತರದ ವಾರ, ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ. ಅವಳ ಬಸ್ಸು ಒಂದು ದಿಕ್ಕಿಗೆ, ನನ್ನದು ಇನ್ನೊಂದು ದಿಕ್ಕಿಗೆ, ಎರಡೂ ತಡವಾಗಿದ್ದವು. ಅವಳು ಅಂದು ಬೇಸರದಲ್ಲಿದ್ದಳು. ಮೋಡ ಅಂಟಿಸಿದ್ದಕ್ಕೆ ಮತ್ತೆ ಚಹಾ ಕುಡಿಯಬೇಕಾಗಿ ಬಂದಿತ್ತು. ಅವಳನ್ನು ಸಮಾಧಾನ ಮಾಡಲು ಹೇಳಿದೆನೇ, ನನಗೆ ಒಳಗಿನ ಸುದ್ದಿ ಗೊತ್ತಿದೆ ಎಂದು ತೋರಿಸಿಕೊಳ್ಳಲು ಹೇಳಿದೆನೇ? ಎರಡನೆಯದೇ ಇರಬೇಕು. ಅವಳು ಕೇಳಿ, “ಖರೆ ಹಿಂಗ ಅಂದ್ರ?” ಎಂದಳು. ಹೌದು ಎಂದೆ. ಆ ದಿನದ ಡೈರಿಯಲ್ಲಿ ಬರೆದಿರುವುದು ಇಷ್ಟೇ: ‘ತಲೆನೋವು. ಬಸ್ಸು ತಡ.’

ಸೋಗಿನ ಆಲೋಚನೆಯೂ ಅಕ್ಕನದೇ. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಗಂಡಸರು ವೇಷ ಹಾಕಿಕೊಂಡು ಓಣಿ ಓಣಿ ತಿರುಗಿ ಗೌಡರನ್ನು, ಮಾಸ್ತರರನ್ನು, ಡಾಕ್ಟರರನ್ನು ಅಣಕಿಸುತ್ತಾರೆ. ಸೋಗಿನಲ್ಲಿ ಆಡಿದ ಮಾತಿಗೆ ಯಾರೂ ಸಿಟ್ಟಾಗುವಂತಿಲ್ಲ. ಮರುದಿನ ಅದನ್ನು ಎತ್ತುವಂತೆಯೂ ಇಲ್ಲ. ಎತ್ತಿದವನನ್ನೇ ಊರು ಆಡಿಕೊಳ್ಳುತ್ತದೆ. ಶ್ರಾವಣದ ಕೊನೆಯ ಶನಿವಾರ ಆಫೀಸಿನಲ್ಲಿ ಸೋಗು ಹಾಕೋಣ, ಹೆಣ್ಣುಮಕ್ಕಳೂ ಹಾಕಲಿ, ಯಾರನ್ನು ಬೇಕಾದರೂ ಅಣಕಿಸಿ, ನನ್ನನ್ನೂ ಬಿಡಬೇಡಿ ಎಂದಳು ಅಕ್ಕ. ನಮಗೆ ಕಟ್ಟಳೆ ಗೊತ್ತಿತ್ತು. ಆಫೀಸಿಗೂ ಅದೇ ಕಟ್ಟಳೆ ಎಂದು ನಾವು ಅಂದುಕೊಂಡೆವು. ಬೇರೆ ಊರಿನವರಾಗಿದ್ದರೆ ಹುಷಾರಾಗಿರುತ್ತಿದ್ದರೋ ಏನೋ.

ಇಮ್ತಿಯಾಜ್ ನನ್ನ ಸೋಗು ಹಾಕಿದ. ಕೈಯಲ್ಲಿ ನೋಟ್‌ಬುಕ್ ಹಿಡಿದು, ನಗುವವರ ಬಾಯೊಳಗೆ ಇಣುಕಿ ಹಲ್ಲು ಎಣಿಸಿ ಬರೆದುಕೊಂಡ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಅವರು ನನ್ನನ್ನು ಹೀಗೆ ನೋಡುತ್ತಾರೆಂದು ಆ ಹೊತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಕೊನೆಗೆ ಬಂದವಳು ಶಿವಲೀಲಾ. ಕನ್ನಡಕವನ್ನು ತಲೆಯ ಮೇಲೆ ಏರಿಸಿ, ದುಪಟ್ಟಾದ ಚುಂಗಿಗೆ ಕೈ ಒರೆಸಿಕೊಳ್ಳುತ್ತ, ಅಕ್ಕನ ಹಾಗೇ ಒಂದು ಹೆಜ್ಜೆ ದೊಡ್ಡದು ಒಂದು ಹೆಜ್ಜೆ ಸಣ್ಣದು ಹಾಕುತ್ತ ನಡೆದು ಬಂದಳು. ಹಲಗೆಯ ಮುಂದೆ ನಿಂತು ಒಂದೊಂದು ಸೂರ್ಯನ ಗಲ್ಲ ಹಿಂಡಿದಳು. ಅಕ್ಕನೇ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಶಿವಲೀಲಾ ಎಂದೂ ಹತ್ತದ ಜೋಕಾಲಿ ಹತ್ತಿ, ಕಾಲಿನಿಂದ ನೆಲ ಒದ್ದು, ಆ ಮಾತು ಹೇಳಿದಳು. ಅದೇ ಧ್ವನಿ, ಅದೇ ತಡೆ. ‘ಸವಿ’ ಎಂಬ ನನ್ನ ಹೆಸರನ್ನು ಮಾತ್ರ ಬಿಟ್ಟಿದ್ದಳು.

ಜನ ಇನ್ನೂ ಜೋರಾಗಿ ನಕ್ಕರು. ಅದನ್ನು ಅವಳೇ ಕಟ್ಟಿದ ಮಾತೆಂದು ತಿಳಿದು ಇಮ್ತಿಯಾಜ್ ಸೀಟಿ ಹೊಡೆದ. ಅಕ್ಕ ನಕ್ಕಳೇ? ನಕ್ಕಳು. ನನ್ನ ಕಡೆ ನೋಡಿದಳೇ? ನೋಡಿದಳೆಂದು ನನ್ನ ನೆನಪು, ಆದರೆ ಆ ಹೊತ್ತಿನಲ್ಲಿ ನಾನು ನೆಲ ನೋಡುತ್ತಿದ್ದೆ ಎಂಬುದೂ ನನ್ನ ನೆನಪೇ. ಎರಡೂ ಒಟ್ಟಿಗೆ ನಿಜವಾಗಲಾರವು. ಅಂದಿನ ಬಹುಮಾನ ಶಿವಲೀಲಾಳಿಗೇ ಬಂತು. ಕೆಳಗಿನ ಅಂಗಡಿಯಿಂದ ತರಿಸಿದ ಬಿಸಿ ಕರದಂಟಿನ ಪೆಟ್ಟಿಗೆಯನ್ನು ಅಕ್ಕ ತನ್ನ ಕೈಯಾರೆ ಅವಳಿಗೆ ಕೊಟ್ಟು, ಬೆನ್ನು ತಟ್ಟಿದಳು.

ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಶುಕ್ರವಾರ ಗಿರಮಿಟ್ಟಿನ ಹೊತ್ತಿಗೆ ಅಕ್ಕ ರಟ್ಟಿನ ಕಿರೀಟವೊಂದನ್ನು ತಂದಳು. ಅದಕ್ಕೆ ಚಿನ್ನದ ಬಣ್ಣದ ಕಾಗದ ಅಂಟಿಸಿದ್ದವಳು ನಾನೇ. ಯಾರಿಗೆಂದು ನನಗೆ ಹೇಳಿರಲಿಲ್ಲ. ಕಾರ್ಖಾನೆ ಶುರುವಾಗುವ ಮೊದಲು ಅಂಗಳದಲ್ಲಿ ನಮ್ಮವರೊಬ್ಬರು ಕೂರಬೇಕು, ಡ್ರೈವರುಗಳಿಗೆ ಪಾಳಿ ಕಲಿಸಬೇಕು, ಅವರ ಮಾತು ಬಲ್ಲವರೇ ಆಗಬೇಕು, ಅದಕ್ಕೆ ನಮ್ಮ ಮೂಡಲಗಿಯ ರಾಣಿಯೇ ಸರಿ ಎಂದು ಹೇಳಿ ಶಿವಲೀಲಾಳ ತಲೆಗೆ ಅದನ್ನು ಇಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನು ಬಸ್ಸಿನ ಕಾಟ ಇಲ್ಲ, ಮನೆಯಿಂದ ಹತ್ತೇ ನಿಮಿಷ ಎಂದಳು ಅಕ್ಕ. ಅದು ನಿಜವೂ ಆಗಿತ್ತು. ಜುಲೈ ತಿಂಗಳ ಡೈರಿಯಲ್ಲಿ ಒಂದು ಕಡೆ ‘ಶಿವಲೀಲಾ ಬಸ್ಸಿನ ಬಗ್ಗೆ ಗೊಣಗಿದಳು’ ಎಂದು ನಾನೇ ಬರೆದಿದ್ದೇನೆ. ಆದ್ದರಿಂದ ಇದು ಶಿಕ್ಷೆ ಎಂದು ಯಾರೂ ಹೇಳುವಂತಿರಲಿಲ್ಲ. ಶಿವಲೀಲಾ ಕಿರೀಟ ಹೊತ್ತುಕೊಂಡೇ ಒಂದು ಪ್ರಶ್ನೆ ಕೇಳಿದಳು.

“ಇಲ್ಲಿ ಪಾಳಿ ಯಾರು ನೋಡ್ತಾರ್ರಿ?”

“ಬಸವರಾಜ ನೋಡ್ತಾನ ಬಿಡು. ನೀ ಎಷ್ಟಂತ ಹೊತ್ಕೊಂಡ ಕುಂದರ್ತಿ” ಎಂದಳು ಅಕ್ಕ.

ಬಸವರಾಜ ಬಂದು ನಾಲ್ಕು ತಿಂಗಳಾಗಿತ್ತು. ಒಳ್ಳೆಯವನು, ಯಾವತ್ತೂ ಬಿಸಿಲೇ ಅಂಟಿಸುವವನು. ಸೋಮವಾರದಿಂದ ಶಿವಲೀಲಾಳ ಕುರ್ಚಿಯಲ್ಲಿ ಅವನು ಕುಳಿತ. ಅವಳು ಹೋಗುವಾಗ ಹಲಗೆಯಿಂದ ತನ್ನ ಹೆಸರಿನ ಪಟ್ಟಿಯನ್ನು ಕಿತ್ತು ಬ್ಯಾಗಿನಲ್ಲಿ ಹಾಕಿಕೊಂಡಳು. ಅಲ್ಲಿಂದಾಚೆ ಹಲಗೆಯಲ್ಲಿ ಮೋಡವೇ ಇರಲಿಲ್ಲ. ಸಂಜೆ ನೋಡಿ ಬರೆದುಕೊಳ್ಳುವ ಕೆಲಸ ನನಗೆ ಬಹಳ ಸುಲಭವಾಯಿತು.

ದೀಪಾವಳಿ ಕಳೆದು ಕಾರ್ಖಾನೆ ಶುರುವಾದ ಮೊದಲ ವಾರ, ಮೊಬೈಲಿನ ವಾಕ್ಯಗಳು ಡ್ರೈವರುಗಳಿಗೆ ತಿಳಿಯುತ್ತವೆಯೇ ನೋಡಿಕೊಂಡು ಬಾ ಎಂದು ಅಕ್ಕ ನನ್ನನ್ನು ಕಳಿಸಿದಳು. ರಸ್ತೆಯ ತುಂಬ ಕಬ್ಬಿನ ಒಣ ಗರಿಯ ರವದಿ ಬಿದ್ದಿತ್ತು. ಗಾಳಿಯಲ್ಲಿ ಹುಳಿ ಬೆಲ್ಲದ ವಾಸನೆ. ಅಂಗಳದಲ್ಲಿ ಸಾಲು ಹಿಂದಿನ ವರ್ಷಗಳಷ್ಟೇ ಉದ್ದವಿತ್ತು. ಮೂಲೆಯಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಟೇಬಲ್ಲು, ಶಿವಲೀಲಾ. ಸುತ್ತ ಹತ್ತು ಹದಿನೈದು ಡ್ರೈವರುಗಳು ಮೊಬೈಲು ಹಿಡಿದು ಅವಳ ಮೇಲೆ ಹರಿಹಾಯುತ್ತಿದ್ದರು. ಅವಳು ಪೆನ್ನು ಹಿಡಿದು ಹಾಳೆಯ ಮೇಲೆ ಸರದಿಯನ್ನು ಕೈಯಿಂದ ತಿದ್ದುತ್ತಿದ್ದಳು.

ಆಗಿದ್ದುದು ಇಷ್ಟು. ಚಕ್ಕಡಿಗಳ ನಿಯಮ ಬಹಳ ಗೋಜಲಿದೆ ಎಂದು ಬಸವರಾಜ ಅದನ್ನು ತೆಗೆದುಹಾಕಿದ್ದ. ಮೊಬೈಲು ಹೇಳುವ ಸರದಿಯಲ್ಲಿ ಎತ್ತುಗಳು ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಬೇಕಿತ್ತು, ಅವುಗಳ ಒಡೆಯರು ಕೇಳದೆ ನಡುವೆ ನುಗ್ಗುತ್ತಿದ್ದರು, ಸಾಲು ಕಲಸಿಹೋಗುತ್ತಿತ್ತು. ಶಿವಲೀಲಾ ಕುಳಿತರೆ ಒಂದು ತಾಸಿನ ಕೆಲಸ. ಆದರೆ ಅವಳು ಪಾಳಿಯ ಒಳಗೆ ಹೋಗಿ ತಿದ್ದುವ ಅನುಮತಿಯನ್ನು ಗೋಕಾಕದಲ್ಲಿ ತೆಗೆದುಬಿಟ್ಟಿದ್ದರು. ಮೂರು ಸಲ ಫೋನು ಮಾಡಿದ್ದಳಂತೆ. ಬರೆದಿಟ್ಟುಕೋ, ಶುಕ್ರವಾರ ಎಲ್ಲರೂ ಕೂಡಿ ನೋಡೋಣ ಎಂದಿದ್ದರಂತೆ.

ಅವಳ ಅಣ್ಣ ಮಲ್ಲಪ್ಪ ಅಲ್ಲೇ ಇದ್ದ. ಅವನ ಟ್ರ್ಯಾಕ್ಟರು ಸಾಲಿನ ನಡುವೆಲ್ಲೋ ಸಿಕ್ಕಿಕೊಂಡಿತ್ತು. ಟ್ರಾಲಿಯ ಕೆಳಗೆ ಅದೇ ಗೋಣಿಚೀಲ ಹಾಸಿತ್ತು. ನಾನು ಆಫೀಸಿನವಳೆಂದು ತಿಳಿದು ಅವನು ಎದ್ದು ನಿಂತ. ತಂಗಿಯ ಕಡೆ ಬೆರಳು ಮಾಡಿದ.

“ಮಂದಿ ಬೈಗಳ ತಿನ್ನಾಕ ನಾ ಇಕಿನ್ನ ಇಂಜಿನಿಯರ್ ಓದಸಲಿಲ್ರಿ ಅಕ್ಕಾರ. ಬೈಗಳ ತಿನ್ನಾಕ ನಾನ ಸಾಕಿದ್ನಿ.”

ಮೊಬೈಲಿನ ವಾಕ್ಯಗಳು ತಿಳಿಯುತ್ತವೆಯೇ ಎಂದು ಅವನನ್ನು ಕೇಳಿದೆ. ನೀವು ಬರೆದದ್ದು ಚೆನ್ನಾಗಿ ತಿಳಿಯುತ್ತದೆ, ಅದು ಹೇಳುವುದು ಸುಳ್ಳು ಎಂಬುದೂ ತಿಳಿಯುತ್ತದೆ ಎಂದ.

ಮಧ್ಯಾಹ್ನ ಶೆಡ್ಡಿನಲ್ಲಿ ಅವಳ ಡಬ್ಬಿಯ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡೆವು. ಹೊರಗೆ ಜನ ಕೂಗುತ್ತಲೇ ಇದ್ದರು. ಅವಳೇ ಆ ಮಾತು ತೆಗೆದಳು.

“ಸೋಗಿನ್ಯಾಗ ನಡೀತೈತಿ ಅನ್ಕೊಂಡೆ ನಾ. ಮರುದಿವಸ ಸುನಂದಕ್ಕ ಫೋನ್ ಮಾಡಿ ಕೇಳಿದ್ರು, ಆ ಮಾತ ನಿನಗ ಯಾರ ಹೇಳಿದ್ರು ಅಂತ. ನಾನ ಹೊಂದಿಸಿದ್ದರಿ ಅಂದೆ. ನಂಬಲಿಲ್ಲ ಅವರು. ಬಾಗಲಾ ಮರಿಗೆ ನಿಂತ ಕದ್ದು ಕೇಳೂದು ಚಲೋ ಅಲ್ಲ ಅಂದ್ರು.” ನನ್ನ ಮುಖ ನೋಡಿದಳು. “ನಿನ್ನೂ ಕೇಳಿರಬೇಕಲ್ಲ?”

“ಇಲ್ಲ, ನನ್ನ ಯಾರೂ ಕೇಳಲಿಲ್ಲ” ಎಂದೆ.

ಅವಳು ತಲೆಯಾಡಿಸಿ, ಮುರಿದ ರೊಟ್ಟಿಯಲ್ಲಿ ದೊಡ್ಡ ಚೂರನ್ನು ನನ್ನ ಕಡೆ ಸರಿಸಿದಳು. ನಾನು ತಿಂದೆ.

ಸಂಕ್ರಾಂತಿಗೆ ಮೊದಲೇ ಅವಳು ಕೆಲಸ ಬಿಟ್ಟಳು. ಅವಳ ಬೀಳ್ಕೊಡುಗೆಗೂ ಆಫೀಸಿನಲ್ಲಿ ಒಂದು ಆಟ ಇಟ್ಟುಕೊಂಡಿದ್ದೆವು, ಅವಳು ಬರಲಿಲ್ಲ. ಚಕ್ಕಡಿಗಳ ನಿಯಮವನ್ನು ಹಂಗಾಮಿನ ಕೊನೆಯಲ್ಲಿ ಮತ್ತೆ ಸೇರಿಸಿದರು. ಮುಂದಿನ ವರ್ಷ ಪಾಳಿ ಚೆನ್ನಾಗಿ ನಡೆಯಿತು, ಇನ್ನಷ್ಟು ಕಾರ್ಖಾನೆಗಳು ಸೇರಿದವು, ಕಂಪನಿ ಬೆಳಗಾವಿಗೆ ಹೋಯಿತು. ಅಲ್ಲಿಯೂ ಜೋಕಾಲಿ ಇದೆಯಂತೆ, ಸ್ಟೀಲಿನದು. ನಾನು ಆ ಮೊದಲ ಹಂಗಾಮು ಮುಗಿಯುತ್ತಲೇ ಬಿಟ್ಟೆ. ಈಗ ಹುಕ್ಕೇರಿಯಲ್ಲಿ ಪಾಠ ಮಾಡುತ್ತೇನೆ. ಶಿವಲೀಲಾ ಮೂಡಲಗಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ ಎಂದು ಇಮ್ತಿಯಾಜ್ ಹೇಳಿದ. ಮಲ್ಲಪ್ಪ ಈಗ ಹಂಗಾಮಿನಲ್ಲೂ ಮನೆಯಲ್ಲೇ ಮಲಗುತ್ತಾನಂತೆ. ಅದು ಯಾರು ಬರೆದ ನಿಯಮದಿಂದ ಎಂದು ಪಾಳಿಯಲ್ಲಿ ಎಲ್ಲೂ ಬರೆದಿಲ್ಲ.

ಇಷ್ಟು ದಿನ ನಾನು ಈ ಕಥೆಯನ್ನು ಹೀಗೇ ಹೇಳಿಕೊಳ್ಳುತ್ತಿದ್ದೆ. ಅಕ್ಕ ನಗುವಿನ ಹೆಸರಿನಲ್ಲಿ ಜನರ ಮನಸ್ಸು ಅಳೆಯುತ್ತಿದ್ದಳು, ತನ್ನನ್ನು ಅಣಕಿಸಿದವಳನ್ನು ಕಿರೀಟ ಹಾಕಿ ದೂರ ಕಳಿಸಿದಳು. ನಾನು ಬಾಯಿ ಬಿಡದೇ ಇದ್ದದ್ದು ತಪ್ಪು, ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಈ ಕೊನೆಯ ಮಾತಿನ ಮೇಲೆ ನಾನು ಬಹಳ ಭಾರ ಹಾಕಿದ್ದೆ.

ಗೋಕಾಕದಿಂದ ಬಂದ ಸಂಜೆ, ಗೋಡೆಯ ಬಣ್ಣ ಯಾವುದಿತ್ತು ಎಂದು ನೋಡಲೆಂದೇ ಆ ವರ್ಷದ ಡೈರಿಯನ್ನು ಟ್ರಂಕಿನಿಂದ ತೆಗೆದೆ. ಸೋಗಿನ ಮರುದಿನದ ಪುಟದಲ್ಲಿ ಅವ್ವನ ಮೊಣಕಾಲು ನೋವಿನ ಸುದ್ದಿ ಇದೆ, ಸಂತೆಯ ಸುದ್ದಿ ಇದೆ. ಕೆಳಗೆ ನನ್ನದೇ ಕೈಬರಹದಲ್ಲಿ ಒಂದು ಸಾಲು: ‘ಅಕ್ಕ ಕೇಳಿದಳು. ಗೊತ್ತಿಲ್ಲ ಅಂದೆ.’

ಏನು ಕೇಳಿದಳು ಎಂದು ಬರೆದಿಲ್ಲ. ಅಕ್ಕ ದಿನಕ್ಕೆ ಹತ್ತು ಸಲ ಏನಾದರೂ ಕೇಳುವವಳು. ಯಾರದೋ ಫೋನ್ ನಂಬರು ಕೇಳಿರಬಹುದು, ಸೋಮವಾರ ಬಸ್ಸು ಇದೆಯೇ ಎಂದು ಕೇಳಿರಬಹುದು. ಆದರೆ ಅಂಥದ್ದನ್ನು ನಾನು ಡೈರಿಯಲ್ಲಿ ಬರೆದಿಡುವವಳಲ್ಲ. ಜೋಕಾಲಿಯ ಮೇಲೆ ಆ ದಿನ ಇದ್ದವರು ನಾವಿಬ್ಬರೇ. ಬಾಗಿಲ ಮರೆಗೆ ನಿಂತು ಕದ್ದು ಕೇಳಲು ಘೋಡಗೇರಿಯ ಹಿತ್ತಲಲ್ಲಿ ಬಾಗಿಲೇ ಇಲ್ಲ. ಅದು ಅಕ್ಕನಿಗೂ ಗೊತ್ತು, ಹಾಗಾದರೆ ಹೇಳಿದವಳು ನಾನೆಂಬುದೂ ಗೊತ್ತಿರಬೇಕು. ಅಥವಾ ಅವಳು ಅದೇ ಮಾತನ್ನು ಆಫೀಸಿನಲ್ಲಿ ಬೇರೆ ಯಾರಿಗೋ ಹೇಳಿದ್ದಳೋ, ಶಿವಲೀಲಾ ಅದನ್ನು ಕೇಳಿರಬಹುದೆಂದು ನಿಜವಾಗಿಯೂ ನಂಬಿದ್ದಳೋ. ಆ ಸಾಲನ್ನು ಎಷ್ಟು ಓದಿದರೂ ಅವಳ ಧ್ವನಿ ಕಿವಿಗೆ ಬರುವುದಿಲ್ಲ, ನನ್ನದೂ ಬರುವುದಿಲ್ಲ. ಶೆಡ್ಡಿನಲ್ಲಿ ಶಿವಲೀಲಾಳಿಗೆ ‘ಇಲ್ಲ’ ಎಂದ ಧ್ವನಿ ಮಾತ್ರ ಚೆನ್ನಾಗಿ ನೆನಪಿದೆ. ಅದರಲ್ಲಿ ಸುಳ್ಳಿನ ಅಳುಕು ಸ್ವಲ್ಪವೂ ಇರಲಿಲ್ಲ.

ಮೊನ್ನೆ ಪಂಚಮಿಗೆ ಘೋಡಗೇರಿಗೆ ಹೋಗಿದ್ದೆ. ಬೆಳಗಾವಿಯಿಂದ ಸುನಂದಕ್ಕನೂ ಬಂದಿದ್ದಳು. ಅದೇ ಬೇವಿನ ಮರ, ಹಗ್ಗ ಮಾತ್ರ ಹೊಸದು. ನಾನು ಮಣೆಯ ಮೇಲೆ ಕುಳಿತಿದ್ದೆ, ಅವಳು ಹಿಂದೆ ನಿಂತು ನೂಕುತ್ತಿದ್ದಳು. ಮುಖ ಕಾಣದಿರುವಾಗ ಕೇಳುವುದು ಸುಲಭ ಎನಿಸಿತು. ಕೇಳಿದೆ. ಜೋಕಾಲಿ ಮುಂದೆ ಹೋಗಿ ಹಿಂದೆ ಬಂತು, ಅವಳ ಕೈ ಮತ್ತೆ ಬೆನ್ನಿಗೆ ತಾಗಲಿಲ್ಲ. ತಿರುಗಿ ನೋಡುವಷ್ಟರಲ್ಲಿ ದೊಡ್ಡವ್ವ ಒಳಗಿನಿಂದ ಕರೆದಳು ಎಂದು ಅವಳು ಹೋಗಿಬಿಟ್ಟಿದ್ದಳು. ದೊಡ್ಡವ್ವ ಕರೆದದ್ದು ನನಗೆ ಕೇಳಿಸಿರಲಿಲ್ಲ. ಆಮೇಲೆ ಊರಿಗೆ ಹೊರಡುವವರೆಗೆ ಅವಳು ನನ್ನೊಂದಿಗೆ ನಗುನಗುತ್ತಲೇ ಮಾತಾಡಿದಳು, ಉಂಡಿ ಕಟ್ಟಿಕೊಟ್ಟಳು, ಇದಕ್ಕೆ ಮಾತ್ರ ಉತ್ತರ ಹೇಳಲಿಲ್ಲ. ನಾನು ಕೇಳಿದ್ದು ಇಷ್ಟೇ:

“ಅಕ್ಕಾ, ಸೋಗಿನ ಮರುದಿವಸ ನೀ ನನ್ನ ಏನ ಕೇಳಿದ್ದಿ?”